ತೊಳೆಯದ ನೀಲಿ ಬಕೆಟ್ಟು

ಬೆಳಕು ಹರಿಯುವ ಮೊದಲು ಮೇವಿನಕ್ಕ ಮುಗಿಸಬೇಕಾದ ಕೆಲಸಗಳು ಇವು.

ಮೂರೂವರೆಗೆ ಏಳುವುದು. ಅಲಾರಂ ಬಾಯಿ ಬಿಡುವ ಮೊದಲೇ ಅದರ ಬಾಯಿ ಮುಚ್ಚುವುದು. ಕಾಳಿನ ಲಾರಿ ಓಡಿಸುವ ಗಂಡನಿಗೆ ಐದರವರೆಗೆ ನಿದ್ದೆ ಬೇಕು. ರಾತ್ರಿ ಉಳಿದ ಪಾತ್ರೆ ಉಜ್ಜಿ ದಬ್ಬ ಹಾಕುವುದು. ಒಲೆಯ ಮೇಲೆ ಒಂದು ಕಡೆ ಅನ್ನಕ್ಕೆ, ಇನ್ನೊಂದು ಕಡೆ ಸ್ನಾನಕ್ಕೆ ನೀರಿಡುವುದು. ನಾಲ್ಕಕ್ಕೆ ನಲ್ಲಿ ಕೆಮ್ಮುತ್ತದೆ, ಕೆಮ್ಮಿ ಗಂಟಲು ಸರಿಮಾಡಿಕೊಂಡ ಮೇಲೆ ಸರಿಯಾಗಿ ಒಂದು ಗಂಟೆ ನೀರು. ಅಷ್ಟರಲ್ಲಿ ಎರಡು ಡ್ರಮ್ಮು, ಆರು ಕೊಡ, ಬಚ್ಚಲಿನ ತೊಟ್ಟಿ. ಕೊಡ ತುಂಬುವ ಸಂದಿನಲ್ಲಿ ಬಟ್ಟೆ: ಗಂಡನದು ಎರಡು ಜೊತೆ, ಹಾಸಿಗೆಯದು ಏನಾದರೂ ಇದ್ದರೆ ಅದು, ಕೊನೆಗೆ, ಬೇರೆ ನೀರಿನಲ್ಲಿ, ತನ್ನ ಕೆಲಸದ ಕೋಟು. ಬೂಟಿನ ಅಡಿಯನ್ನು ಕಡ್ಡಿಯಿಂದ ಕೆರೆಯುವುದು. ಕಸ ಗುಡಿಸುವುದು. ಗಂಡನ ಡಬ್ಬಿ ಕಟ್ಟುವುದು, ತನ್ನದನ್ನು ಕಟ್ಟಲು ಮರೆಯುವುದು.

ಆಮೇಲೆ ಹಿತ್ತಲ ಬಾಗಿಲು ತೆಗೆದು, ಗೋಡೆಯ ಮರೆಯಲ್ಲಿ ಪ್ಲಾಸ್ಟಿಕ್ ಚೀಲ ಹೊದ್ದು ಕೂತಿರುವ ನೀಲಿ ಬಕೆಟ್ಟನ್ನು ಒಮ್ಮೆ ನೋಡುವುದು. ತೊಳೆಯದೆ ಬಾಗಿಲು ಹಾಕುವುದು. ಈ ಕೊನೆಯ ಕೆಲಸ ಪಟ್ಟಿಗೆ ಸೇರಿ ಆರು ವಾರವಾಯಿತು. ಇಡೀ ಮನೆಯಲ್ಲಿ ಅವಳು ತೊಳೆಯದೆ ಬಿಟ್ಟಿರುವ ವಸ್ತು ಅದೊಂದೇ.

ಊರಾಚೆಯ ದನದ ದೊಡ್ಡಿಯಲ್ಲಿ ಹನ್ನೊಂದು ವರ್ಷದಿಂದ ಮೇವು ಹಾಕುತ್ತಾಳೆ, ಹಾಗಾಗಿ ಮೇವಿನಕ್ಕ. ಹಾಜರಿ ಪುಸ್ತಕದಲ್ಲಿ ತನ್ನ ನಿಜವಾದ ಹೆಸರು ಕಂಡಾಗ ಅವಳಿಗೆ ಯಾರೋ ದೂರದ ನೆಂಟರನ್ನು ಕಂಡ ಹಾಗಾಗುತ್ತದೆ. ದೊಡ್ಡಿಯಲ್ಲಿ ನಾನೂರು ದನ. ಬರುವಾಗ ಪಕ್ಕೆಲುಬು ಕಾಣುವ ಹಾಗೆ ಬರುತ್ತವೆ, ನೂರು ದಿನ ಮೆಕ್ಕೆಜೋಳದ ನುಚ್ಚು ತಿಂದು, ಬೆನ್ನು ಚಪ್ಪಟೆಯಾಗುವಷ್ಟು ಕೊಬ್ಬಿ, ಮಾಂಸದ ಕಾರ್ಖಾನೆಯ ಲಾರಿ ಹತ್ತುತ್ತವೆ. ಅಲ್ಲಿನ ಮೇಲ್ವಿಚಾರಕನಿಗೆ ಹೆಂಗಸರು ಇಟ್ಟ ಹೆಸರು ತೂಕದಣ್ಣ. ಮದುವೆ ಮನೆಗೆ ಹೋದರೆ ಮದುಮಗಳನ್ನೂ ಕಣ್ಣಲ್ಲೇ ತೂಗಿ ಬರುತ್ತಾನೆ ಎಂದು ಅವರ ನಗೆ. ಹುಲ್ಲು ಎಂದರೆ ಅವನಿಗೆ ಆಗುವುದಿಲ್ಲ. ಹುಲ್ಲು ಹೊಟ್ಟೆ ತುಂಬಿಸುತ್ತದೆ, ತೂಕ ತುಂಬಿಸುವುದಿಲ್ಲ ಎನ್ನುತ್ತಾನೆ.

ಮೇವಿನಕ್ಕ ಹುಟ್ಟಿದ ಮನೆಯಲ್ಲೂ ಎರಡು ಹಸುಗಳಿದ್ದವು. ಅವು ಹುಲ್ಲು ತಿನ್ನುತ್ತಿದ್ದವು, ಅವುಗಳ ಸಗಣಿ ಗಟ್ಟಿಯಾಗಿ, ಒಣಗಿದ ಬಯಲಿನ ವಾಸನೆ ಹೊಡೆಯುತ್ತಿತ್ತು. ಇಲ್ಲಿನದು ಹಾಗಲ್ಲ. ನೀರಾಗಿ ಹರಡುತ್ತದೆ, ಹುಳಿ ವಾಸನೆ, ಕೋಟಿನ ಹೊಲಿಗೆಯೊಳಗೆ ಹೋಗಿ ಕೂರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ಇದೇನು ಹೀಗೆ ಎಂದು ಕೇಳಿದ್ದಳು. ದೊಡ್ಡವರ ಮನೆ ಊಟ ತಿಂದ ದನಕ್ಕೆ ದೊಡ್ಡವರ ಹೊಟ್ಟೆಯೇ ಬರುತ್ತದೆ ಎಂದು ತೂಕದಣ್ಣ ನಕ್ಕಿದ್ದ. ಅವಳೂ ನಕ್ಕಿದ್ದಳು.

ಗಂಡಸರಿಗೆ ಅಲ್ಲಿ ಬಿಸಿನೀರಿನ ಬಚ್ಚಲಿದೆ, ಬಟ್ಟೆ ಒಗೆಯುವ ಯಂತ್ರವಿದೆ. ಅವರು ಮನೆಯ ಬಟ್ಟೆಯಲ್ಲಿ ಬಂದು ಮನೆಯ ಬಟ್ಟೆಯಲ್ಲಿ ಹೋಗುತ್ತಾರೆ. ಹೆಂಗಸರು ಆರೇ ಜನ. ತಮಗೂ ಒಂದು ನಲ್ಲಿ ಹಾಕಿಸಿಕೊಡಿ ಎಂದು ಕೇಳಿದಾಗ, ನಿಮಗೆ ಮನೆ ಇದೆಯಲ್ಲಮ್ಮ ಎಂಬ ಉತ್ತರ ಬಂತು. ಗಂಡಸರಿಗೂ ಮನೆ ಇತ್ತು. ಆ ಮನೆಗಳಲ್ಲಿ ಒಗೆಯುವವರೂ ಇದ್ದರು. ಆದರೂ ಯಂತ್ರ ಅವರಿಗೇ ಬಂತು. ಹೆಂಗಸರ ಕೋಟು, ಬೂಟು, ದೊಡ್ಡಿಯ ಹುಳಿ, ಎಲ್ಲ ಅವರ ಜೊತೆಯಲ್ಲೇ ಮನೆಗೆ ನಡೆದು ಬರುತ್ತಿದ್ದವು.

ಆದರೆ ದೊಡ್ಡಿಯಲ್ಲಿ ಒಂದು ಸುಖವಿತ್ತು. ನೀರು. ಊರಿನ ಮನುಷ್ಯರಿಗೆ ದಿನಕ್ಕೆ ಒಂದು ಗಂಟೆ, ದೊಡ್ಡಿಯ ದನಗಳಿಗೆ ಹಗಲೂ ರಾತ್ರಿ. ರಬ್ಬರ್ ಪೈಪು ದನ ನಿಲ್ಲುವ ಅಂಕಣದಿಂದ ಅಂಕಣಕ್ಕೆ ಹಾವಿನ ಹಾಗೆ ಮಲಗಿರುತ್ತಿತ್ತು, ತುದಿಯಿಂದ ಸದಾ ತೊಟ್ಟಿಕ್ಕುತ್ತಿತ್ತು. ಬೇಲಿಯ ಉದ್ದಕ್ಕೆ ಹೆಂಗಸರು ಸೌತೆಬಳ್ಳಿ ಹಬ್ಬಿಸಿದ್ದರು. ಸಂಜೆ ಕಾಯಿ ಕಿತ್ತು, ಅಲ್ಲೇ ಪೈಪಿನ ನೀರಿನಲ್ಲಿ ತೊಳೆದು, ಮನೆಗೆ ಒಯ್ಯುವುದು ಅವರ ರೂಢಿ. ಯಾರಿಗಾದರೂ ಕೊಡುವುದಿದ್ದರೂ ತೊಳೆದೇ ಕೊಡುತ್ತಿದ್ದರು. ತರಕಾರಿ ಯಾರಾದರೂ ಕೊಟ್ಟಾರು. ತೊಳೆದ ತರಕಾರಿ ಕೊಟ್ಟರೆ ಅರ್ಧ ಕೊಡ ನೀರೂ ಕೊಟ್ಟ ಹಾಗೆ, ಆ ಅರ್ಧ ಕೊಡ ಹೊರುವ ತೋಳಿನ ನೋವನ್ನು ಉಳಿಸಿಕೊಟ್ಟ ಹಾಗೆ. ಇದು ಹೆಂಗಸರಿಗೆ ಹೆಂಗಸರು ಮಾತ್ರ ಕೊಡಬಲ್ಲ ಉಡುಗೊರೆ. ಗಂಡಸರಿಗೆ ಅದು ಉಡುಗೊರೆ ಎಂದು ತಿಳಿಯುವುದೂ ಇಲ್ಲ.

ದೊಡ್ಡಿಯಲ್ಲಿ ಕೆಂಪು ಬಕೆಟ್ಟು ಸಗಣಿಗೆ, ನೀಲಿ ಬಕೆಟ್ಟು ಮೇವಿಗೆ. ಮೇವಿನಕ್ಕ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೆಂಪನ್ನೂ ನೀಲಿಯನ್ನೂ ಅದಲುಬದಲು ಮಾಡಿದವಳಲ್ಲ. ಆ ಸಂಜೆ ಐದು ಎಳೆ ಸೌತೆಕಾಯಿಗಳನ್ನು ಅವಳು ನೀಲಿ ಬಕೆಟ್ಟಿನಲ್ಲಿ ಹಾಕಿ, ಪೈಪು ಹಿಡಿದು, ಒಂದೊಂದನ್ನೂ ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ತೊಳೆದಳು. ಬಾಡಬಾರದೆಂದು ಬಕೆಟ್ಟಿನಲ್ಲಿ ಸ್ವಲ್ಪ ನೀರು ಉಳಿಸಿಕೊಂಡೇ ತಂಗಿಯ ಮನೆಗೆ ನಡೆದಳು.

ತಂಗಿ ಅವಳಿಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು. ತಾಯಿ ಬೇಗ ಹೋದದ್ದರಿಂದ ಅವಳನ್ನು ಬೆಳೆಸಿದ್ದು, ಜಡೆ ಹಾಕಿದ್ದು, ಮದುವೆ ಮಾಡಿ ಕಳಿಸಿದ್ದು ಎಲ್ಲ ಅಕ್ಕನೇ. ಮೇವಿನಕ್ಕನಿಗೆ ಸ್ವಂತ ಮಕ್ಕಳಾಗಲಿಲ್ಲ. ತಂಗಿಗೆ ಇಬ್ಬರು: ನಾಲ್ಕು ವರ್ಷದ ಮಗಳು, ಆರು ತಿಂಗಳ ಗಂಡುಕೂಸು. ಮಗಳು ಹುಟ್ಟಿದಾಗ ಒಂದು ಚಿಟಿಕೆಯಷ್ಟಿದ್ದಳು, ಹಾಗಾಗಿ ಚಿಟಿಕೆ ಎಂದೇ ಹೆಸರು ಉಳಿಯಿತು. ಚಿಟಿಕೆಗೆ ದೊಡ್ಡಮ್ಮ ಕಂಡ ಕೂಡಲೇ ಒಂದೇ ಪ್ರಶ್ನೆ.

"ದೊಡ್ಡಮ್ಮ, ದನ ಇವತ್ತು ಏನಂತು?"

ದಿನಕ್ಕೊಂದು ಉತ್ತರ ಬೇಕಿತ್ತು. ಒಂದು ದಿನ ದನ ನೆಗಡಿಯಾಗಿದೆ ಅಂತು, ಇನ್ನೊಂದು ದಿನ ತೂಕದಣ್ಣನ ಮೀಸೆ ತಿಂದುಬಿಡ್ತೀನಿ ಅಂತು. ಆ ಸಂಜೆ, ಸೌತೆಕಾಯಿ ಚಿಟಿಕೆಗೆ ಕೊಡು ಅಂತು ಎಂದಳು ಮೇವಿನಕ್ಕ.

ತಂಗಿಯ ಮನೆಯಲ್ಲಿ ಅತ್ತೆ, ಗಂಡ, ಎರಡು ಮಕ್ಕಳು. ಎಂಟು ಮನೆಗೆ ಒಂದು ಬೀದಿ ನಲ್ಲಿ. ತಂಗಿಗೆ ತೊಳೆಯುವ ಚಟ. ನನ್ನ ಸೊಸೆ ಬಿಟ್ಟರೆ ಉಪ್ಪನ್ನೂ ತೊಳೆದು ಹಾಕ್ತಾಳೆ ಎಂದು ಅತ್ತೆ ನಲ್ಲಿಯ ಸಾಲಿನಲ್ಲಿ ನಿಂತು ಹೇಳುತ್ತಿದ್ದರು, ಅರ್ಧ ದೂರು, ಅರ್ಧ ಹೆಮ್ಮೆ. ಸೌತೆಕಾಯಿ ಕೈಗೆ ಬಂದ ಕೂಡಲೇ ತಂಗಿ ಅಭ್ಯಾಸದಂತೆ ಕೊಡದ ಕಡೆ ತಿರುಗಿದಳು. ಮೇವಿನಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು.

"ತೊಳೆದೇ ತಂದಿದ್ದೀನಿ ಕಣೇ. ಮತ್ತೆ ನೀರು ಹಾಳು ಮಾಡಬೇಡ."

ಚಿಟಿಕೆ ಒಂದೂವರೆ ತಿಂದಳು. ಎರಡನೆಯದರ ಉಳಿದ ಅರ್ಧ ತಂಗಿ ತಿಂದಳು. ಮಿಕ್ಕ ಮೂರು ಮರುದಿನ ಸಾರಿನಲ್ಲಿ ಬೆಂದವು. ತಂಗಿ ತಿಂದ ಅರ್ಧದ ಅಂಚಿನಲ್ಲಿ ನಾಲ್ಕು ಸಣ್ಣ ಹಲ್ಲಿನ ಗುರುತು ಇದ್ದದ್ದು ಮೇವಿನಕ್ಕನಿಗೆ ಇವತ್ತಿಗೂ ಕಾಣುತ್ತದೆ. ಕಣ್ಣು ಮುಚ್ಚಬೇಕಾಗಿಲ್ಲ, ತೆರೆದಿದ್ದರೂ ಕಾಣುತ್ತದೆ.

ಮೂರನೆಯ ದಿನ ಚಿಟಿಕೆಗೆ ಹೊಟ್ಟೆ ಹಿಂಡುವ ನೋವು ಶುರುವಾಯಿತು. ನಾಲ್ಕನೆಯ ದಿನ ಭೇದಿಯಲ್ಲಿ ರಕ್ತ. ಆಸ್ಪತ್ರೆಯಲ್ಲಿ ನೀರಿಗೆ ಹಾಕಿ ಕುಡಿಸುವ ಪುಡಿಯ ಪೊಟ್ಟಣ ಕೊಟ್ಟು, ಹೆಚ್ಚಾದರೆ ಬನ್ನಿ ಎಂದು ಕಳಿಸಿದರು. ತಂಗಿ ಎರಡು ಹಗಲು ಎರಡು ರಾತ್ರಿ ಹಾಸಿಗೆ ಬಟ್ಟೆ ಬದಲಿಸುತ್ತ, ಒಗೆಯುತ್ತ, ಒಣಗಿಸುತ್ತ ಕಳೆದಳು. ಅವಳಿಗೂ ಆ ಎರಡು ದಿನ ಹೊಟ್ಟೆ ಕೆಟ್ಟಿತ್ತು. ಆ ಮನೆಯಲ್ಲಿ ಸೊಸೆಯ ಹೊಟ್ಟೆನೋವು ಯಾರ ಗಮನಕ್ಕೂ ಬರುವಂಥದಲ್ಲ. ಸ್ವತಃ ಅವಳ ಗಮನಕ್ಕೇ ಬರಲಿಲ್ಲ.

ಏಳನೆಯ ಬೆಳಿಗ್ಗೆ ಅತ್ತೆ ಮೊಮ್ಮಗಳ ಕೆಳಗೆ ಕೈ ಹಾಕಿ ನೋಡಿದರು. ಬಟ್ಟೆ ಒಣಗಿಯೇ ಇತ್ತು. ಅವರ ಮುಖ ಅರಳಿತು. ಇವತ್ತು ಒಗೆಯೋದು ಏನೂ ಇಲ್ಲ, ಮಗು ವಾಸಿಯಾಯ್ತು ಎಂದು ಅವರೇ ಎಲ್ಲರಿಗೂ ಹೇಳಿದರು. ಹತ್ತಿರ ಮಲಗಿಸಿಕೊಂಡು ತಟ್ಟಿದರು. ತಂಗಿ ಖಾಲಿ ಒಗೆಯುವ ಕಲ್ಲಿನ ಮೇಲೆ, ನಾಲ್ಕು ದಿನದ ನಂತರ ಮೊದಲ ಬಾರಿ, ಸುಮ್ಮನೆ ಕೂತಳಂತೆ. ಮಧ್ಯಾಹ್ನವೂ ಬಟ್ಟೆ ಒಣಗಿತ್ತು. ಸಂಜೆಯೂ. ಮಗುವಿನ ಮುಖ ಬಿಳಿಚಿ, ಕಣ್ಣ ಕೆಳಗೆ ಊದಿಕೊಂಡಾಗಲೇ ಅವರಿಗೆ ತಿಳಿದದ್ದು, ಇಡೀ ದಿನ ಅದು ಮೂತ್ರವನ್ನೇ ಮಾಡಿಲ್ಲ ಎಂದು. ಮೂತ್ರಪಿಂಡ ನಿಂತುಹೋಗಿದೆ ಎಂದರು ದೊಡ್ಡಾಸ್ಪತ್ರೆಯ ಡಾಕ್ಟರು. ಹನ್ನೊಂದನೆಯ ದಿನ ಚಿಟಿಕೆ ಹೋದಳು.

ಆಮೇಲೆ ಅತ್ತೆ ಮಾತಾಡಲು ಶುರುಮಾಡಿದರು. ಹೊಲಸಿನಿಂದ ಬರುವ ಕಾಯಿಲೆ ಎಂದು ಡಾಕ್ಟರು ಹೇಳಿದ್ದನ್ನು ಹಿಡಿದುಕೊಂಡರು. ಮನೆಯಲ್ಲಿ ಹೊಲಸು ಎಂದರೆ ಅಡುಗೆಮನೆ, ಅಡುಗೆಮನೆ ಎಂದರೆ ಸೊಸೆ. ಉಪ್ಪನ್ನೂ ತೊಳೆಯುವವಳು ಎಂದ ಬಾಯಿಯೇ, ಎಲ್ಲಿ ತೊಳೆದಳೋ ಏನು ತೊಳೆದಳೋ ಎಂದಿತು. ತಂಗಿಯ ಗಂಡ ದರ್ಜಿ, ಮಾತು ಕಡಿಮೆ. ಈಗ ಇನ್ನೂ ಕಡಿಮೆಯಾದ. ಒಲೆಯ ಹತ್ತಿರ ತಂಗಿ ಸುಳಿಯುವಂತಿಲ್ಲ ಎಂದಾಯಿತು. ಕುಡಿಯುವ ನೀರಿನ ಕೊಡ ಮುಟ್ಟುವಂತಿಲ್ಲ. ಕೂಸಿಗೆ ಅನ್ನ ತಿನ್ನಿಸುವುದು ಅತ್ತೆಯೇ. ತಂಗಿಗೆ ಉಳಿದದ್ದು ನೆಲ ಒರೆಸುವುದು, ಒಗೆಯುವುದು. ಕೆಲಸ ಕಡಿಮೆಯಾಗಲಿಲ್ಲ, ಕೆಲಸದ ಮಾನ ಮಾತ್ರ ಹೋಯಿತು.

ಮೇವಿನಕ್ಕ ಆಗ ಇದನ್ನೆಲ್ಲ ಕೇಳಿ ಅತ್ತೆಯನ್ನು ಒಳಗೊಳಗೇ ಬೈದಳು. ಬಕೆಟ್ಟಿನ ಯೋಚನೆ ಅವಳಿಗೆ ಬಂದಿರಲಿಲ್ಲ. ದೊಡ್ಡಿಗೆ ವಾಪಸು ಒಯ್ಯಬೇಕೆಂದು ತನ್ನ ಹಿತ್ತಲಲ್ಲಿ ಇಟ್ಟದ್ದು, ಇವತ್ತು ನಾಳೆ ಎನ್ನುವಷ್ಟರಲ್ಲಿ ಮಗುವಿನ ಗಾಬರಿ ಬಂದು ಅಲ್ಲೇ ಉಳಿದಿತ್ತು.

ಚಿಟಿಕೆ ಹೋದ ಮೂರನೆಯ ವಾರ ಆರೋಗ್ಯ ಇಲಾಖೆಯ ಪ್ರಯೋಗಾಲಯದಿಂದ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಮುಚ್ಚಳದ ಸಣ್ಣ ಬಾಟಲಿಗಳ ಪೆಟ್ಟಿಗೆ. ಮೊದಲು ತಂಗಿಯ ಮನೆಗೆ ಹೋಗಿ, ಹಲಗೆ, ಚಾಕು, ಡ್ರಮ್ಮು, ನಲ್ಲಿ ಎಲ್ಲದರ ಮೇಲೂ ಹತ್ತಿ ಸವರಿಕೊಂಡು ಹೋಗಿದ್ದಳು. ಮಗು ಆ ವಾರ ಏನೇನು ತಿಂದಿತು ಎಂದು ಕೇಳಿದ್ದಳು. ಕೇಳಿದ್ದು ತಾಯಿಯನ್ನೊಬ್ಬಳನ್ನೇ. ತಂಗಿ ಬೆಳಗಿನಿಂದ ಸಂಜೆಯವರೆಗಿನದನ್ನು ತಪ್ಪಿಲ್ಲದೆ ಒಪ್ಪಿಸಿದ್ದಳು: ಅನ್ನ, ಬೇಳೆ, ಬ್ರೆಡ್ಡು, ಕಾಯಿಸಿದ ಹಾಲು, ಬಾಳೆಹಣ್ಣು. ವಾರದ ಕೊನೆಗೆ ಫಲಿತಾಂಶ ಬಂತು. ಮನೆಯಲ್ಲಿ ಏನೂ ಸಿಗಲಿಲ್ಲ. ಸಿಗುತ್ತೆ ಹೇಗೆ, ಆಮೇಲೆ ಉಜ್ಜಿ ಉಜ್ಜಿ ಇಟ್ಟಿದ್ದಾಳಲ್ಲ ಎಂದರು ಅತ್ತೆ.

ಮಗುವನ್ನು ಕೊಂದ ಕ್ರಿಮಿ ಹೆಚ್ಚಾಗಿ ದನಗಳಲ್ಲಿ ಇರುವಂಥದೆಂದು, ಆಮೇಲೆ ಆ ಹೆಂಗಸು ದೊಡ್ಡಿಗೆ ಬಂದಳು. ತೂಕದಣ್ಣ ಹಿಂದಿನ ದಿನವೇ ಅಂಕಣಗಳನ್ನು ತೊಳೆಸಿದ್ದ. ಅವನು ದನಗಳ ಬೆನ್ನು ತಟ್ಟಿ ತೋರಿಸಿದ: ಕಣ್ಣು ಹೊಳೆಯುತ್ತಿದೆ, ಮೂಗು ಒದ್ದೆ, ತಿನ್ನುತ್ತಿವೆ, ಕೊಬ್ಬುತ್ತಿವೆ, ಇವಕ್ಕೆ ಯಾವ ರೋಗ? ಪ್ರಯೋಗಾಲಯದವಳು ವಾದ ಮಾಡಲಿಲ್ಲ. ಬಾಟಲಿ ತುಂಬಿಸಿಕೊಂಡು, ನುಚ್ಚು ಕಲಸುತ್ತಿದ್ದ ಮೇವಿನಕ್ಕನ ಹತ್ತಿರ ಬಂದು ನಿಂತಳು. ದನಕ್ಕೆ ಏನೂ ಆಗಿರುವುದಿಲ್ಲ, ಅದೇ ಕಷ್ಟ ಎಂದಳು. ಆ ಕ್ರಿಮಿ ದನದ ಕರುಳಿನಲ್ಲಿ ಬಾಡಿಗೆಯಿಲ್ಲದ ಮನೆಯಲ್ಲಿರುವ ಹಾಗೆ ಇರುತ್ತದೆ, ದನಕ್ಕೆ ಕಾಟವಿಲ್ಲ. ಹುಲ್ಲು ತಿನ್ನೋ ಹೊಟ್ಟೆಗಿಂತ ಕಾಳು ತಿನ್ನೋ ಹೊಟ್ಟೆಯಲ್ಲಿ ಹುಳಿ ಜಾಸ್ತಿ. ಅಲ್ಲಿ ಬೆಳೆದ ಕ್ರಿಮಿ ಹುಳಿಯಲ್ಲೇ ಬದುಕುವುದನ್ನು ಕಲಿತುಬಿಡುತ್ತದೆ ಎಂದು ಕೆಲವರು ಹೇಳುತ್ತಾರೆ.

"ನಮ್ಮ ಹೊಟ್ಟೆಗೂ ಹುಳಿಯೇ ಕಾವಲು ಅಕ್ಕ. ಬೇರೆ ಕ್ರಿಮಿ ಅಲ್ಲೇ ಸಾಯ್ತವೆ. ಹುಳೀಲೇ ಹುಟ್ಟಿ ಬೆಳೆದದ್ದನ್ನ ಆ ಕಾವಲುಗಾರ ಏನು ಮಾಡ್ತಾನೆ ಹೇಳಿ?"

ಕೊನೆಯ ಐದಾರು ದಿನ ಒಣಹುಲ್ಲು ಹಾಕಿದರೆ ಕಡಿಮೆಯಾಗಬಹುದು ಎನ್ನುವವರಿದ್ದಾರೆ, ಒಪ್ಪದವರೂ ಇದ್ದಾರೆ ಎಂದು ಸೇರಿಸಿದಳು. ಮೇವಿನಕ್ಕನ ಕೈ ನುಚ್ಚಿನೊಳಗೆ ನಿಂತಿತ್ತು. ಗೋದಲಿಯ ಆಚೆಯಿಂದ ಒಂದು ದನ ಕತ್ತು ಚಾಚಿ, ಸಗಣಿ ಮೆತ್ತಿದ ತನ್ನ ಪಕ್ಕೆ ನೆಕ್ಕಿಕೊಂಡ ನಾಲಿಗೆಯನ್ನೇ ಚಾಚಿ, ಅಲ್ಲಿದ್ದ ಇನ್ನೊಂದು ನೀಲಿ ಬಕೆಟ್ಟಿನ ಅಂಚನ್ನು ಉದ್ದಕ್ಕೆ ನೆಕ್ಕಿತು. ಹನ್ನೊಂದು ವರ್ಷದಿಂದ ದಿನಕ್ಕೆ ನೂರು ಸಲ ನೋಡಿದ ನೋಟ ಅದು. ಅವತ್ತು ಮೊದಲ ಸಲ ಕಂಡಳು. ಪೈಪಿನ ತುದಿ ಎಲ್ಲಿ ಮಲಗಿದೆ ಎಂದು ನೋಡಿದಳು. ಅಂಕಣದೊಳಗೆ, ಗೊರಸುಗಳ ನಡುವೆ, ಹುಳಿ ಕೆಸರಿನಲ್ಲಿ ಮೂಗು ಇಟ್ಟು ಮಲಗಿತ್ತು.

ಇಲ್ಲಿಂದ ಮನೆಗೆ ಏನಾದರೂ ಒಯ್ಯುತ್ತೀರಾ ಎಂದು ಪ್ರಯೋಗಾಲಯದವಳು ಕೇಳಿದಳು. ಪಾತ್ರೆ, ಬಕೆಟ್ಟು, ತರಕಾರಿ?

"ಬಟ್ಟೆ ಮಾತ್ರ," ಎಂದಳು ಮೇವಿನಕ್ಕ.

ಹೋಗುವಾಗ ಆ ಹೆಂಗಸು ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದುಕೊಟ್ಟಳು. ಏನಾದರೂ ನೆನಪಾದರೆ ಹೇಳಿ, ನೆರಳಲ್ಲಿ ಒಣಗಿದ ಸಗಣಿಯಲ್ಲಿ ಆ ಕ್ರಿಮಿ ತಿಂಗಳುಗಟ್ಟಲೆ ಇದ್ದರೂ ಇರಬಹುದು ಎಂದಳು. ಹದಿನೈದು ದಿನದ ಮೇಲೆ ಐದು ಅಂಕಣಗಳಲ್ಲಿ ಮೂರರಲ್ಲಿ ಕ್ರಿಮಿ ಸಿಕ್ಕಿದೆ ಎಂದು ಕಾಗದ ಬಂತು. ಹೆಂಗಸರ ಕಡೆಯ ಗೋಡೆಗೆ 'ಕೈ ತೊಳೆದುಕೊಳ್ಳಿ' ಎಂಬ ಫಲಕ ಬಂತು. ನಲ್ಲಿ ಬರಲಿಲ್ಲ. ಗೋದಲಿಗೆ ನುಚ್ಚು ಬೀಳುವುದೂ ನಿಲ್ಲಲಿಲ್ಲ.

ಪ್ರಯೋಗಾಲಯದವಳು ಬಂದ ದಿನ ಸಂಜೆ ಮನೆಗೆ ಬಂದವಳೇ ಮೇವಿನಕ್ಕ ಹಿತ್ತಲಿಗೆ ಹೋದಳು. ಬ್ಲೀಚಿಂಗ್ ಪುಡಿಯ ಡಬ್ಬ ಒಂದು ಕೈಯಲ್ಲಿ, ಬ್ರಷ್ಷು ಒಂದು ಕೈಯಲ್ಲಿ. ಬಕೆಟ್ಟಿನ ತಳದಲ್ಲಿ ಕಂದು ಬಣ್ಣದ ತೆಳುವಾದ ಹೊಪ್ಪಳೆ, ಅದಕ್ಕೆ ಅಂಟಿಕೊಂಡ ಒಂದಿಷ್ಟು ನುಚ್ಚು, ಒಣಗಿದ ಸೌತೆಹೂವು. ಎರಡು ನಿಮಿಷದ ಕೆಲಸ. ಬ್ರಷ್ಷು ತಳಕ್ಕೆ ತಾಕುವ ಮೊದಲು ಬೆನ್ನ ಹಿಂದೆ, ಸೊಂಟದ ಎತ್ತರದಿಂದ ಕೇಳಿಸಿತು: ದೊಡ್ಡಮ್ಮ, ದನ ಇವತ್ತು ಏನಂತು?

ತಿರುಗಿ ನೋಡಿದಳು. ಹಿತ್ತಲಲ್ಲಿ ತಂತಿಯ ಮೇಲೆ ಕೋಟು ಒಣಗುತ್ತಿತ್ತು, ಅಷ್ಟೇ. ಬ್ರಷ್ಷು ಕೆಳಗಿಟ್ಟು ಬಕೆಟ್ಟಿಗೆ ಚೀಲ ಹೊದಿಸಿದಳು.

ಅಂದಿನಿಂದ ಆ ಪ್ರಶ್ನೆ ಅವಳ ಜೊತೆಯಲ್ಲೇ ಓಡಾಡುತ್ತದೆ. ದೊಡ್ಡಿಯಲ್ಲಿ ಬೆಳಕಿಲ್ಲದ ಹೊತ್ತಿಗೆ ಮೊದಲ ಮೇವು ಬಿದ್ದಾಗ ನಾನೂರು ಬಾಯಿಗಳು ಒಟ್ಟಿಗೆ ಅಗಿಯುವ ಸದ್ದು ಏಳುತ್ತದೆ. ಆ ಸದ್ದಿನೊಳಗಿಂದ ಕೇಳುತ್ತದೆ. ದನಗಳು ತಲೆಯೆತ್ತಿ ಅವಳನ್ನು ನೋಡುತ್ತವೆ. ಅವುಗಳ ಕಣ್ಣಲ್ಲಿ ಅಪರಾಧವಿಲ್ಲ, ಹಸಿವು ಮಾತ್ರ. ಮಣಿಕಟ್ಟು ನೆಕ್ಕುತ್ತವೆ. ಮೊದಲು ಕಚಗುಳಿಯಾಗುತ್ತಿದ್ದ ಜಾಗದಲ್ಲಿ ಈಗ ಅವಳು ಉಗುರು ಹಾಕಿ ಕೆರೆದುಕೊಳ್ಳುತ್ತಾಳೆ.

ಒಂದು ಬೆಳಿಗ್ಗೆ ಗಂಡ ಲಾರಿ ತೊಳೆಯಲು ಹಿತ್ತಲ ಬಕೆಟ್ಟಿಗೆ ಕೈ ಹಾಕಿದ. ಅವಳು ಓಡಿಬಂದು ಕಿತ್ತುಕೊಂಡಳು. ಏನೇ ಅದು, ನಿನ್ನ ತವರಿನ ಬಳುವಳಿಯಾ ಎಂದು ಅವನು ನಕ್ಕ. ಅವಳು ನಗಲಿಲ್ಲ. ಅಲ್ಲೇ ನಿಂತು, ಒಂದೇ ಉಸಿರಿಗೆ, ಇದ್ದದ್ದೆಲ್ಲ ಹೇಳಿದಳು. ಅವನು ಬಕೆಟ್ಟಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಕೆಟ್ಟ ಮನುಷ್ಯನಲ್ಲ. ಮಗು ಹೋಯಿತು, ಆರಿದ ಒಲೆಯ ಬೂದಿ ಕೆದಕಿದರೆ ಕಣ್ಣಿಗೇ ಬೀಳುತ್ತೆ ಎಂದ. ದೊಡ್ಡಿಯವರಿಗೆ ಗೊತ್ತಾದರೆ ಅವಳ ಕೆಲಸವೂ ಹೋಗುತ್ತೆ, ಅವರಿಗೇ ಕಾಳು ಸಾಗಿಸುವ ತನ್ನ ಲಾರಿಯೂ ಹೋಗುತ್ತೆ ಎಂದ. ಬೇಕಿದ್ದರೆ ತಾನೇ ತೊಳೆದುಬಿಡುತ್ತೇನೆ ಎಂದ. ಹದಿನೆಂಟು ವರ್ಷದ ಸಂಸಾರದಲ್ಲಿ ಅವನು ಏನಾದರೂ ತೊಳೆಯುತ್ತೇನೆ ಎಂದದ್ದು ಅದೇ ಮೊದಲು.

ಅವಳು ತಂಗಿಯ ಹತ್ತಿರ ಹೋದಳು. ಅತ್ತೆ ಕೂಸನ್ನು ಎತ್ತಿಕೊಂಡು ಒಳಗಿದ್ದರು. ಒಗೆಯುವ ಕಲ್ಲಿನ ಹತ್ತಿರ ತಂಗಿ, ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದಳು. ಬೆರಳ ಸಂದುಗಳಲ್ಲಿ ಚರ್ಮ ಒಡೆದು ಕೆಂಪಾಗಿತ್ತು. ಮೇವಿನಕ್ಕ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಟ್ಟೆಯ ಇನ್ನೊಂದು ತುದಿ ಹಿಡಿದು ಹಿಂಡಿದಳು. ಆ ದಿನದ ಸೌತೆಕಾಯಿ ಎಂದು ಬಾಯಿ ತೆರೆದಳು.

"ಗೊತ್ತು ಅಕ್ಕ," ಎಂದಳು ತಂಗಿ, ತಲೆಯೆತ್ತದೆ. "ನಾನೂ ತಿಂದಿದ್ದೆ. ನನಗೂ ಬಂದಿತ್ತು. ಆಗಲೇ ಗೊತ್ತಾಯ್ತು."

"ಮತ್ತೆ ಆ ಮೇಡಂಗೆ ಯಾಕೆ ಹೇಳಲಿಲ್ಲ?"

ತಂಗಿ ಬಟ್ಟೆಯನ್ನು ಕಲ್ಲಿಗೆ ಹೊಡೆದಳು. ಒಮ್ಮೆ, ಇನ್ನೊಮ್ಮೆ. ಒಳಗೆ ಕೇಳಬಾರದೆಂದು ಹೊಡೆತದ ಸದ್ದಿನ ನಡುವೆಯೇ ಮಾತಾಡಿದಳು.

"ನಾನು ಹೇಗೂ ಮುಳುಗಿದ್ದೀನಿ. ನೀನೂ ಮುಳುಗಿದ್ರೆ ನಾನು ಯಾರ ಮನೆಗೆ ಹೋಗಲಿ? ಇಬ್ಬರಲ್ಲಿ ಒಬ್ಬಳು ಸಾಕು ಅಕ್ಕ. ನೀನು ಬಾಯಿ ಬಿಡಬೇಡ, ನನ್ನ ಮೇಲಾಣೆ."

ಆಮೇಲೆ ಉಳಿದದ್ದನ್ನು ಹೇಳಿದಳು. ಅತ್ತೆ ತೀರ್ಮಾನ ಮಾಡಿದ್ದರು. ಸೋಮವಾರ ಅವಳನ್ನು ತವರಿಗೆ ಕಳಿಸುವುದು. ಕೂಸು ಇಲ್ಲೇ ಇರುವುದು. ಒಂದನ್ನು ಉಳಿಸಿಕೊಳ್ಳಲಾಗದವಳ ಕೈಗೆ ಇನ್ನೊಂದನ್ನು ಕೊಡುವುದಿಲ್ಲ. ಗಂಡ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿದಿದ್ದ. ತಾಯಿಯಿಲ್ಲದ ತಂಗಿಗೆ ತವರು ಎಂದರೆ ಮೇವಿನಕ್ಕನ ಮನೆ. ಅಂದರೆ ತಂಗಿ ಕೂಸನ್ನು ಬಿಟ್ಟು ಬಂದು, ಆ ನೀಲಿ ಬಕೆಟ್ಟು ಕೂತಿರುವ ಮನೆಯಲ್ಲಿ, ಎದೆಯಲ್ಲಿ ಹಾಲು ಕಟ್ಟಿಕೊಂಡು, ಅಕ್ಕನ ಕೈಯ ಅನ್ನ ತಿಂದುಕೊಂಡು ಇರುವುದು.

ಹೊರಡುವಾಗ ಮೇವಿನಕ್ಕ ಬಾಗಿಲಲ್ಲಿ ಅತ್ತೆಯನ್ನು ಕಂಡಳು. ಬೈಯಲು ಕೂಡಿಟ್ಟ ಮಾತುಗಳಿದ್ದವು. ಅತ್ತೆ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಒಂದು ಕೈ ಕೂಸಿನ ಬಟ್ಟೆಯ ಕೆಳಗಿತ್ತು. ಒದ್ದೆಯಾಗಿದೆಯೇ ಎಂದು ನೋಡುತ್ತಿದ್ದರು. ಕೈ ತೆಗೆದರು, ಮತ್ತೆ ಹಾಕಿದರು. ಮೇವಿನಕ್ಕ ನಿಂತಿದ್ದಷ್ಟು ಹೊತ್ತೂ ಆ ಕೈ ಹೋಗಿ ಬಂದು ಮಾಡುತ್ತಲೇ ಇತ್ತು. ಒಣಗಿದ ಬಟ್ಟೆ ಕಂಡು ನಕ್ಕ ಆ ಬೆಳಿಗ್ಗೆಯನ್ನು ಹೊರಲಾರದೆ ಈ ಮುದುಕಿ ಅದನ್ನು ಸೊಸೆಯ ತಲೆಯ ಮೇಲೆ ಇಟ್ಟಿದ್ದಾಳೆ ಎಂದು ಮೇವಿನಕ್ಕನಿಗೆ ಹೊಳೆಯಿತು. ತಂಗಿ ಅಕ್ಕನದನ್ನೂ ಹೊತ್ತಿದ್ದಾಳೆ. ಒಂದು ತಲೆಯ ಮೇಲೆ ಮೂರು ಹೆಂಗಸರ ಕೊಡ.

ಬರ್ತೀನಮ್ಮ ಎಂದಳು. ಅತ್ತೆ ತಲೆಯಾಡಿಸಿದರು. ಕೈ ಕೂಸಿನ ಕೆಳಗೇ ಇತ್ತು.

ಸೋಮವಾರ ಮೂರೂವರೆಗೆ ಮೇವಿನಕ್ಕ ಎದ್ದಳು. ಗಂಡ ಕಾಳಿನ ಮೂಟೆ ತರಲು ಹಿಂದಿನ ದಿನವೇ ಹೋಗಿದ್ದ. ಎಚ್ಚರವಾಗುವವರು ಯಾರೂ ಇಲ್ಲದಿದ್ದರೂ ಅಲಾರಮ್ಮಿನ ಬಾಯಿ ಮುಚ್ಚಿದಳು. ಪಾತ್ರೆ ಉಜ್ಜಿದಳು. ತಂಗಿ ಮಲಗಲೆಂದು ನಡುಮನೆಯಲ್ಲಿ ರಾತ್ರಿಯೇ ಚಾಪೆ ಬಿಡಿಸಿಟ್ಟಿದ್ದಳು. ಚಾಪೆಯ ಪಕ್ಕದಲ್ಲಿ ಕೂಸಿನಷ್ಟು ಜಾಗ ಖಾಲಿ ಬಿಟ್ಟಿರುವುದು ದೀಪ ಹಾಕಿದಾಗ ಕಂಡಿತು. ಬೇಕೆಂದು ಬಿಟ್ಟದ್ದಲ್ಲ.

ನಾಲ್ಕಕ್ಕೆ ನಲ್ಲಿ ಕೆಮ್ಮಿತು. ಅವಳು ಹಿತ್ತಲಿಗೆ ಹೋಗಿ ಬಕೆಟ್ಟನ್ನು ತಂದು, ಚೀಲ ತೆಗೆದು, ನಲ್ಲಿಯ ಕೆಳಗೆ ಇಟ್ಟಳು. ಬ್ಲೀಚಿಂಗ್ ಡಬ್ಬದ ಮುಚ್ಚಳ ತೆಗೆದಳು. ನಲ್ಲಿ ಇನ್ನೂ ಗಾಳಿ ಉಗುಳುತ್ತಿತ್ತು. ನೀರು ಬೀಳಲು ಇನ್ನು ಐದೋ ಹತ್ತೋ ಉಸಿರು. ಬಿದ್ದರೆ ತಂಗಿಯ ಆಣೆ ಉಳಿಯುತ್ತದೆ, ಗಂಡನ ಲಾರಿ ಉಳಿಯುತ್ತದೆ, ದೊಡ್ಡಿಯ ಹನ್ನೊಂದು ವರ್ಷ ಉಳಿಯುತ್ತದೆ. ಬಕೆಟ್ಟೂ ಉಳಿಯುತ್ತದೆ, ಬೇರೆ ಬಕೆಟ್ಟುಗಳಂತೆ. ತಂಗಿ ಅದರಲ್ಲೇ ತಾನು ಹಿಂಡಿಕೊಂಡ ಹಾಲಿನ ಬಟ್ಟೆ ಒಗೆದಾಳು.

ದೊಡ್ಡಮ್ಮ, ದನ ಇವತ್ತು ಏನಂತು?

ಅವಳು ಈ ಸಲ ತಿರುಗಿ ನೋಡಲಿಲ್ಲ. "ದನಕ್ಕೆ ಏನೂ ಗೊತ್ತಿಲ್ಲ ಮಗಾ," ಎಂದಳು. "ಗೊತ್ತಿರೋದು ನನಗೆ."

ಮೊದಲ ನೀರು ಚಿಮ್ಮುವ ಹೊತ್ತಿಗೆ ಬಕೆಟ್ಟು ಅವಳ ಕಂಕುಳಲ್ಲಿತ್ತು. ನೀರು ಬರಿಯ ಕಲ್ಲಿನ ಮೇಲೆ ಬಿತ್ತು. ಚೀಲ ಹೊದಿಸಿ ಬಾಯಿ ಬಿಗಿದು ಕಟ್ಟಿದಳು, ಗೋಡೆಯ ಮೊಳೆಯಿಂದ ಫೋನ್ ನಂಬರಿನ ಚೀಟಿ ತೆಗೆದು ಕುಪ್ಪಸದೊಳಗೆ ಇಟ್ಟುಕೊಂಡಳು. ಡ್ರಮ್ಮು ಎರಡೂ ಖಾಲಿ. ಕೊಡ ಆರೂ ಖಾಲಿ. ಕೋಟು ಒಗೆದಿಲ್ಲ, ಅನ್ನಕ್ಕೆ ಇಟ್ಟಿಲ್ಲ, ಕಸ ಗುಡಿಸಿಲ್ಲ. ನಲ್ಲಿ ತಿರುಗಿಸಿ ನಿಲ್ಲಿಸಿದಳು. ನೀರು ಬರುವ ಹೊತ್ತಿನಲ್ಲಿ ಅವಳು ನಲ್ಲಿ ನಿಲ್ಲಿಸಿದ್ದು ಇದೇ ಮೊದಲು.

ಈ ಹೊತ್ತಿಗೆ ತಂಗಿಯ ಬೀದಿಯಲ್ಲಿ ಎಂಟು ಮನೆಯ ಹೆಂಗಸರೂ ನಲ್ಲಿಯ ಮುಂದೆ ಸಾಲಾಗಿ ನಿಂತಿರುತ್ತಾರೆ, ಅತ್ತೆಯೂ ಇರುತ್ತಾರೆ. ಸೊಸೆ ಏನು ತೊಳೆದಳು, ಏನು ತೊಳೆಯಲಿಲ್ಲ ಎಂದು ಅವರು ಹೇಳಿದ್ದು ಅಲ್ಲೇ, ಅವರೆಲ್ಲ ಕೇಳಿದ್ದು ಅಲ್ಲೇ. ಐದಕ್ಕೆ ನೀರು ನಿಲ್ಲುತ್ತದೆ, ಸಾಲು ಒಡೆಯುತ್ತದೆ.

ಬೀದಿಯ ಕೊನೆಯಲ್ಲಿ ದಾರಿ ಎರಡಾಗುತ್ತದೆ. ದೊಡ್ಡಿಯ ಕಡೆಯಿಂದ, ಇನ್ನೂ ಮೇವು ಬೀಳದ ದನಗಳ ಕೂಗು ತೇಲಿ ಬರುತ್ತಿತ್ತು. ಮೇವಿನಕ್ಕ ಬಕೆಟ್ಟನ್ನು ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, ತಂಗಿಯ ಬೀದಿಯ ದಾರಿ ಹಿಡಿದು, ನೀರು ನಿಲ್ಲುವ ಮೊದಲು ತಲುಪಬೇಕೆಂದು ಜೋರಾಗಿ ನಡೆದಳು.